ಫಿಟ್ಟರನ ಪಾಲಿನ ಮೂಲೆ

ಮಾರ್ಚ್ ೫, ೨೦೧೮, ಸೋಮವಾರ

ಮೂರು ಸಲ ಕೈ ತೊಳೆದೆ, ವಾಸನೆ ಇನ್ನೂ ಹೋಗಿಲ್ಲ. ಪೆರೆತ್ತಿ ವರ್ಕ್‌ಶಾಪಿನ ಮಷೀನು ತಣಿಸುವ ಕೂಲೆಂಟ್ ತೊಟ್ಟಿಯನ್ನು ಡಿಸೆಂಬರಿನಿಂದ ಬೇಸಿಗೆಯಿಡೀ ಯಾರೂ ಮುಟ್ಟಿಲ್ಲ. ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ಗಬ್ಬು. ಕೊರ್ದೊಬಾದಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಬಿಳಿ ಕೋಟು ಹಾಕಿಕೊಂಡು ಕೂತವಳು ನಾನು. ಆ ವಿಭಾಗ ಮುಚ್ಚಿತು, ರಫಾಯೆಲಾಕ್ಕೆ ಬಂದು ಈ ಕೊಳಕಿನಲ್ಲಿ ಬಿದ್ದಿದ್ದೇನೆ. ಪುಣ್ಯಕ್ಕೆ ನನ್ನ ಗಾಜಿನ ಕೋಣೆ ಮಹಡಿಯ ಮೇಲಿದೆ. ಯಾವ ಕಟರ್ ಎಲ್ಲಿ ಓಡಬೇಕೆಂದು ಕಂಪ್ಯೂಟರಿನಲ್ಲಿ ಬರೆದು ಕೆಳಗಿನ ಮಷೀನಿಗೆ ಕಳಿಸುವುದು ನನ್ನ ಕೆಲಸ. ಕೆಳಗೆ ಇಳಿಯುವ ಅಗತ್ಯವಿಲ್ಲ.

ಇಂದು ಹೊಸ ಸಾಫ್ಟ್‌ವೇರ್ ಬಂತು, ಅದರ ಜೊತೆಗೆ ನಲವತ್ತು ಉಕ್ಕಿನ ಬ್ಲಾಕುಗಳ ಆರ್ಡರೂ ಬಂತು. ಮಾಲೀಕ ವಾಲ್ತೆರ್ ನನ್ನ ಕುರ್ಚಿಯ ಹಿಂದೆ ನಿಂತು ಉಗುರು ಕಚ್ಚುತ್ತಿದ್ದ. ಕಚ್ಚಿದ್ದನ್ನು ನೆಲಕ್ಕೆ ಉಗಿಯುತ್ತಿದ್ದ.

"ಗ್ರಿಸ್, ಈ ನಲವತ್ತೂ ಕೈ ಕೆಲ್ಸ ಇಲ್ದೆ ಸೀದಾ ಮಷೀನಿಂದ ಬರ್ಬೇಕು. ಬಂತು ಅಂತ ನೀನು ಸಹಿ ಹಾಕ್ ಕೊಡು, ಈಸ್ಟರ್‌ಗೆ ಮುಂಚೆ ಆದೆಮಾರ್‌ಗೆ ಟೆಲಿಗ್ರಾಂ ಕಳ್ಸ್ತೀನಿ."

ಕೆಲಸದಿಂದ ತೆಗೆದ ನೋಟೀಸು ಈ ದೇಶದಲ್ಲಿ ಈಗಲೂ ಟೆಲಿಗ್ರಾಂನಲ್ಲೇ ಬರುತ್ತದೆ, ಅದು ಬಂತೆಂದರೆ ಕೆಲಸ ಹೋಯಿತೆಂದೇ ಲೆಕ್ಕ. ಆದೆಮಾರ್ ಇಲ್ಲಿನ ಫಿಟ್ಟರ್, ಮಷೀನಿಂದ ಬಂದದ್ದನ್ನು ಅರದಿಂದ ಉಜ್ಜಿ ಮುಗಿಸುವವನು, ವಯಸ್ಸು ಅರವತ್ತನಾಲ್ಕು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆಯಂತೆ. ಈಗ ತೆಗೆದರೆ ಪಿಂಚಣಿಗೆ ಬೇಕಾದ ವರ್ಷ ತುಂಬುವುದಿಲ್ಲ, ಈ ವಯಸ್ಸಿನಲ್ಲಿ ಬೇರೆ ಯಾರೂ ಸೇರಿಸಿಕೊಳ್ಳುವುದೂ ಇಲ್ಲ. ಅಯ್ಯೋ ಪಾಪ ಅನ್ನಿಸಬೇಕಿತ್ತೋ ಏನೋ. ಅನ್ನಿಸಲಿಲ್ಲ. ಬೆಳಿಗ್ಗೆ ಅವನ ಮೇಜಿನ ಪಕ್ಕ ಹಾದು ಬಂದೆ. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಉಕ್ಕಿನ ಮೇಲೆ ಉಜ್ಜುತ್ತಿದ್ದ. ನನ್ನನ್ನು ಕಂಡು, ತಾನು ಮಾತೆ ಸೊಪ್ಪಿನ ಕಷಾಯ ಹೀರುತ್ತಿದ್ದ ಕೊಳವೆಯನ್ನು ಅಂಗಿಗೆ ಒರೆಸಿ ನನ್ನತ್ತ ಚಾಚಿದ. ಒಂದೇ ಕೊಳವೆ, ಎಂಟು ಬಾಯಿ. ಬೇಡ ಅಂದೆ. ಮಾತೆ ಬೇಡ ಅಂದರೆ ಮುಖಕ್ಕೆ ಹೊಡೆದ ಹಾಗೆ ಎಂದು ಗೊತ್ತಿದ್ದೇ ಅಂದೆ.

ಮಾರ್ಚ್ ೬, ಮಂಗಳವಾರ

ದಿನವಿಡೀ ಡ್ರಾಯಿಂಗ್ ಮುಂದೆ ಕೂತಿದ್ದೆ. ಲಿಫ್ಟಿನ ಬ್ರೇಕ್ ಬ್ಲಾಕು. ಮೇಲಿನ ಹಗ್ಗ ಹರಿದರೆ ಒಂದು ಬೆಣೆ ಈ ಬ್ಲಾಕಿನ ಗುಳಿಯೊಳಗೆ ಪೂರ್ತಿ ಕೂತು, ಪಕ್ಕದ ಹಳಿಯನ್ನು ಕಚ್ಚಿ ಹಿಡಿಯಬೇಕು. ಗುಳಿಯ ನಾಲ್ಕು ಮೂಲೆಗೂ ಬಾಣ ಎಳೆದು "ಜೀವಂತ ಅಂಚು" ಎಂದು ಬರೆದಿದ್ದಾರೆ. ಚೂಪಾಗಿ ಉಳಿಯಬೇಕಾದ ಅಂಚು ಜೀವಂತ, ಉಜ್ಜಿ ಮೊಂಡು ಮಾಡಬೇಕಾದದ್ದನ್ನು "ಕೊಲ್ಲು" ಎನ್ನುವುದು ನಮ್ಮ ಕಸುಬಿನ ಭಾಷೆ. ವಿಮಾನದ ಭಾಗಗಳಲ್ಲಿ ಒಳಮೂಲೆ ಎಲ್ಲಾ ದುಂಡಗೇ ಇರುತ್ತಿದ್ದವು, ಜೀವಂತ ಮೂಲೆಯ ತಂಟೆ ನನಗೆ ಬಂದಿರಲಿಲ್ಲ. ಸಾಫ್ಟ್‌ವೇರ್ ಮಾರಿದವನು ಮಾತ್ರ "ಮೂಲೆ ಎಲ್ಲಾ ಅದೇ ನೋಡ್ಕೊಳ್ಳತ್ತೆ ಮೇಡಂ" ಎಂದು ಹೋಗಿದ್ದಾನೆ. ಅವನ ಸೆಂಟಿನ ವಾಸನೆ ಇನ್ನೂ ಪರದೆಗೆ ಅಂಟಿಕೊಂಡಿದೆ.

ಸಂಜೆ ಎಲ್ಲ ಮುಗಿದ ಮೇಲೂ ಪರದೆಯ ಮೇಲೆ ಕೆಂಪು ಚುಕ್ಕೆಗಳು, ಜೊತೆಗೆ ಏನೋ ಒಂದು ಎಚ್ಚರಿಕೆ ಪದೇ ಪದೇ ಏಳುತ್ತಿತ್ತು. ಸೊಳ್ಳೆಕಾಟ. ಸೆಟ್ಟಿಂಗಿನಲ್ಲಿ ಎಲ್ಲೋ ಹುಡುಕಿ ಒಂದು ಚೌಕಕ್ಕೆ ಗುರುತು ಹಾಕಿದೆ, ಮಾಯವಾಯಿತು. ಪರದೆಯೆಲ್ಲ ಹಸಿರು. ವರದಿ ನೂರಕ್ಕೆ ನೂರು.

ಮಾರ್ಚ್ ೯, ಶುಕ್ರವಾರ

ಮೊದಲ ನಾಲ್ಕು ಬ್ಲಾಕು ಮಹಡಿಯ ತಪಾಸಣೆಯ ಮೇಜಿಗೆ ಬಂದವು. ಬೆಣೆ ಇಳಿಸಿದೆ. ಟಕ್ ಎಂದು ತಳಕ್ಕೆ ಕೂತಿತು, ಕೂದಲೆಳೆಯಷ್ಟೂ ಸಂದಿಲ್ಲ. ಸತ್ಯ ಹೇಳಬೇಕೆಂದರೆ ನನಗೂ ಒಳಗೊಳಗೆ ಅಳುಕಿತ್ತು. ತಿರುಗುವ ಕಟರ್ ದುಂಡಗಿನದು, ಅದು ಚೌಕ ಮೂಲೆಯನ್ನು ಹೇಗೆ ಕೊರೆಯಿತು? ಆದರೆ ಬೆಣೆ ಕೂತಾಯಿತು. ಕೂತ ಮೇಲೆ ಇನ್ನೇನು ಕೇಳುವುದು.

ವಾಲ್ತೆರ್ ನನ್ನ ಕೆನ್ನೆಗೆ ಮುತ್ತಿಟ್ಟ. ತುಟಿಯಲ್ಲಿ ಸಲಾಮಿ ಸಾಸೇಜಿನ ಎಣ್ಣೆ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಮಾರ್ಚ್ ೧೪, ಬುಧವಾರ

ಆ ಮುದುಕ ಮೆಟ್ಟಿಲು ಹತ್ತಿ ನನ್ನ ಕೋಣೆಗೇ ಬಂದ! ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಅಂಜೂರ.

"ನಮ್ಮನೆ ಮರದ್ದು, ಇಂಜಿನಿಯರಮ್ಮ. ಇರ್ಮಾ ಕಳ್ಸಿದ್ಲು."

ನಾನು ಇಂಜಿನಿಯರ್ ಅಲ್ಲ ಎಂದು ಎಷ್ಟು ಸಲ ಹೇಳಲಿ. "ಯಾಕೆ ಇದೆಲ್ಲ?" ಅಂದೆ.

"ಯಾಕೆ ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು. ಮೂರ್ನೇವ್ರಿಗ್ ಬೇಡ." ಕಣ್ಣು ಮಿಟುಕಿಸಿದ. ಹಲ್ಲಿನ ಸಂದಿಯಿಂದ ಚುಯ್ ಎಂದು ಗಾಳಿ ಎಳೆದುಕೊಂಡು ಇಳಿದುಹೋದ.

ಥೂ. ಹೆಂಡತಿಯ ಹೆಸರು ಹೇಳಿಕೊಂಡೇ ಕಣ್ಣು ಹೊಡೆಯುತ್ತಾನೆ. ಅಂಜೂರಗಳು ಕಳಿತು ಒಡೆದಿದ್ದವು, ಒಂದರ ಮೇಲೆ ಅವನ ಕಪ್ಪು ಹೆಬ್ಬೆಟ್ಟಿನ ಗುರುತು ಅಚ್ಚೊತ್ತಿದ ಹಾಗೆ ಇತ್ತು. ಅಷ್ಟನ್ನೂ ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಹೊರಗಿಟ್ಟೆ.

ಮಾರ್ಚ್ ೨೦, ಮಂಗಳವಾರ

ಇಂದು ಆದೆಮಾರ್ ಗೇಟಿನ ಹತ್ತಿರ ತಡೆದು ನಿಲ್ಲಿಸಿದ. "ಮೂಲೇಲಿ ನೀವು ಬಿಟ್ಟಿದ್ದನ್ನ ನೋಡ್ಕೊಂಡೆ ಇಂಜಿನಿಯರಮ್ಮ. ದಿನಾ ನೋಡ್ಕೋತೀನಿ. ಚಿಂತೆ ಮಾಡ್ಬೇಡಿ."

ನನ್ನ ಕೋಣೆಯ ಮೂಲೆಯಲ್ಲಿ ನಾನು ಬಿಡುವುದು ಮನೆಯ ಚಪ್ಪಲಿ. ಅದನ್ನು ದಿನಾ ನೋಡಿಕೊಳ್ಳುತ್ತಾನಂತೆ. ಮಧ್ಯಾಹ್ನ ಎಲ್ಲರೂ ಊಟ, ನಿದ್ದೆ ಎಂದು ಮನೆಗೆ ಹೋದಾಗ ಇವನೊಬ್ಬ ಒಳಗೇ ಉಳಿಯುತ್ತಾನೆ ಎಂದು ಕೇಳಿದ್ದೆ. ಈಗ ಗೊತ್ತಾಯಿತು ಯಾಕೆಂದು. ಚಪ್ಪಲಿಯನ್ನು ಚೀಲಕ್ಕೆ ಹಾಕಿ ಮನೆಗೆ ತಂದೆ, ಕೋಣೆಗೆ ಹೊಸ ಬೀಗ ಹಾಕಿಸಿದೆ. ಮೈಯೆಲ್ಲ ಮುಳ್ಳೆದ್ದ ಹಾಗಿದೆ.

ಮಾರ್ಚ್ ೨೬, ಸೋಮವಾರ

ಮೂವತ್ತು ಬ್ಲಾಕು ಮುಗಿದು ಗಿರಾಕಿಗೆ ಹೋದವು. ಒಂದೂ ತಿರುಗಿ ಬಂದಿಲ್ಲ. "ಕೈ ಕೆಲಸದ ಅಗತ್ಯವಿಲ್ಲ" ಎಂದು ಬರೆದು ಸಹಿ ಹಾಕಿ ಕೊಟ್ಟೆ. ಚೆನ್ನಾಗಿ ನಿದ್ದೆ ಬರುತ್ತಿದೆ.

ಮಾರ್ಚ್ ೨೮, ಬುಧವಾರ

ವಾಲ್ತೆರ್ ನಿನ್ನೆಯೇ ಟೆಲಿಗ್ರಾಂ ಕಳಿಸಿದ್ದಾನೆ. ಅದು ಇನ್ನೂ ಮನೆ ಮುಟ್ಟಿರಲಿಲ್ಲ. ಬೆಳಿಗ್ಗೆ ಆದೆಮಾರ್ ಈಸ್ಟರಿಗೆ ಮಾಡುವ ಬಳೆಯಾಕಾರದ ಸಿಹಿ ಬ್ರೆಡ್ಡು ಹಿಡಿದು ಬಂದ, ಮೇಲೆಲ್ಲ ಸಕ್ಕರೆ ಕಾಳು. "ಹಬ್ಬಕ್ಕೆ ಒಬ್ರೇ ಇರ್ತೀರಂತೆ. ಇರ್ಮಾ ನಿಮ್ಗೇ ಅಂತ ಮಾಡಿದ್ದು." ಅವನ ಮುಖ ನೋಡಲಾಗಲಿಲ್ಲ. ಬ್ರೆಡ್ಡಿಗೂ ಅರದ ಪುಡಿಯ ವಾಸನೆ. ಮಧ್ಯಾಹ್ನ ಮನೆಯಿಂದ ಫೋನ್ ಬಂದು ಹೋದವನು ಮತ್ತೆ ಬರಲಿಲ್ಲ.

ಬ್ರೆಡ್ಡನ್ನು ಯಾಕೋ ಬಿಸಾಡಲಿಲ್ಲ. ಅಡುಗೆಮನೆಯಲ್ಲಿದೆ. ಇರುವೆ ಹತ್ತಲಿ.

ಏಪ್ರಿಲ್ ೩, ಮಂಗಳವಾರ

ರಜೆ ಮುಗಿಸಿ ಹೋದರೆ, ಉಳಿದ ಹತ್ತು ಬ್ಲಾಕು ಮೇಜಿನ ಮೇಲಿದ್ದವು. ಮೊದಲನೆಯದಕ್ಕೆ ಬೆಣೆ ಇಳಿಸಿದೆ. ಕೂರಲಿಲ್ಲ. ಎರಡನೆಯದಕ್ಕೂ ಇಲ್ಲ. ಹತ್ತಕ್ಕೆ ಹತ್ತೂ ಇಲ್ಲ. ಬೆಣೆ ಗುಳಿಯ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ, ಬೆರಳಲ್ಲಿ ತಟ್ಟಿದರೆ ಅಲ್ಲಾಡುತ್ತದೆ. ಗುಳಿಯೊಳಗೆ ಬೆರಳು ಹಾಕಿ ಸವರಿದೆ. ಮೂಲೆ ದುಂಡಗಿತ್ತು. ಚೌಕ ಡಬ್ಬಿಯನ್ನು ದುಂಡು ಸೌಟಿನಲ್ಲಿ ಕೆರೆದರೆ ಮೂಲೆಯಲ್ಲಿ ಉಳಿಯುತ್ತದಲ್ಲ, ಹಾಗೆ ಲೋಹ ಉಳಿದಿತ್ತು.

ಕೆಳಗೆ ಇಳಿದೆ. ಮಿಲ್ಲಿಂಗ್ ಮಷೀನಿನ ಓಮರ್ ತಲೆ ಎತ್ತದೆ ಹೇಳಿದ. "ಆದೆಮಾರ್ ಇಲ್ವಲ್ಲ."

"ಆದೆಮಾರ್ ಹೊರಗಿನ ಅಂಚು ಉಜ್ಜೋನು. ಮೂಲೆಗೂ ಅವ್ನಿಗೂ ಏನ್ ಸಂಬಂಧ?"

"ಏನ್ ಸಂಬಂಧನಾ? ದಿನಾ ಮಧ್ಯಾಹ್ನ ನಿದ್ದೆ ಬಿಟ್ಟು ಕೂತು ಒಂದೊಂದ್ ಮೂಲೆನೂ ಅರ ಹಾಕ್ತಿದ್ದ. ಒಂದು ಬ್ಲಾಕಿಗೆ ಒಂದೂವರೆ ಗಂಟೆ. ಮಷೀನ್ ನಿಂತಿರ್ಬೇಕು, ಅರದ ಸದ್ದು ಕೇಳ್ಬೇಕು ಅಂತಿದ್ದ. ಅವ್ನಿಗೆ ಅಂತ ನೀವೇ ಬಿಟ್ಟಿದ್ದು ಅನ್ಕೊಂಡಿದ್ವಿ ನಾವೆಲ್ಲ."

ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಈ ದಿನಚರಿ ಚೀಲದಲ್ಲೇ ಇತ್ತು. ಮಾರ್ಚ್ ಆರರ ಪುಟ ತೆಗೆದು ನೋಡಿದೆ. ನನ್ನದೇ ಅಕ್ಷರ. ಒಂದು ಚೌಕಕ್ಕೆ ಗುರುತು ಹಾಕಿದೆ, ಮಾಯವಾಯಿತು. ಸಾಫ್ಟ್‌ವೇರಿನಲ್ಲಿ ಆ ಚೌಕವನ್ನು ಹುಡುಕಿದೆ. ಅದರ ಪಕ್ಕದಲ್ಲಿ ಬರೆದಿತ್ತು: "ಇರುವ ಕಟರ್‌ಗಳಿಂದ ತಲುಪಲಾಗದ ಭಾಗವನ್ನು ಲೆಕ್ಕಕ್ಕೆ ಹಿಡಿಯಬೇಡ." ಹಿಡಿಯಲಿಲ್ಲ. ತನ್ನ ಕೈಲಾಗದ ಪ್ರಶ್ನೆಗಳನ್ನೆಲ್ಲ ಅಳಿಸಿ ಹಾಕಿ, ಉಳಿದದ್ದಕ್ಕೆ ತನಗೆ ತಾನೇ ನೂರು ಅಂಕ ಕೊಟ್ಟುಕೊಂಡಿತು. ಆಗುವುದಿಲ್ಲ ಎಂದು ಮೊದಲು ಅದು ಹೇಳಿತ್ತು. ಅದರ ಬಾಯಿ ಮುಚ್ಚಿಸಿದವಳು ನಾನು.

ಸಹಿ ಹಾಕಿದವಳೂ ನಾನು. ಆ ಮನುಷ್ಯ ಮಾಡಿದ ಕೆಲಸವನ್ನೇ ತೋರಿಸಿ ಆ ಮನುಷ್ಯ ಬೇಡ ಎಂದು ಬರೆದುಕೊಟ್ಟೆ. ಕೂಲೆಂಟಿನ ವಾಸನೆ ಅಂದುಕೊಂಡಿದ್ದೆ ಇಷ್ಟು ದಿನ. ಒಮ್ಮೆ ಕೆಳಗೆ ಇಳಿದು, ಒಂದು ಬ್ಲಾಕನ್ನು ಅವರ ಮೇಜಿಗೆ ಹೋಗುವ ಮೊದಲು ಮುಟ್ಟಿ ನೋಡಿದ್ದರೆ ಸಾಕಿತ್ತು. ವಾಸನೆ ಎಂದು ಇಳಿಯಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಏಪ್ರಿಲ್ ೪, ಬುಧವಾರ

ವಾಲ್ತೆರ್‌ಗೆ ಹೇಳಿದೆ. ಗೊತ್ತಿರಲಿಲ್ಲ, ತಪ್ಪಾಯಿತು ಎಂದೂ ಹೇಳಿದೆ. ಅವನು ಬೆಣೆಯನ್ನು ಎರಡು ಸಲ ಒತ್ತಿ ನೋಡಿದ.

"ಎಷ್ಟಾಯ್ತು ಈಗ, ಅರ್ಧ ಮಿಲಿ? ಹಂಗೇ ಕಳ್ಸು. ಒಳಗೆ ಯಾರ್ ಬೆರಳ್ ಹಾಕ್ ನೋಡ್ತಾರೆ?"

"ಬೆರಳಲ್ಲ, ಬೆಣೆ ಹಾಕ್ತಾರೆ. ಹಗ್ಗ ಹರಿದ್ ದಿನ."

"ಮೂಲೆಗೊಂದೊಂದು ತೂತು ಕೊರೆದ್ರಾಯ್ತು."

"ಗುಳಿ ಗೋಡೆ ತೆಳು, ಸೀಳುತ್ತೆ. ತೂತು ಬೇಡ ಅಂತ ಡ್ರಾಯಿಂಗಲ್ಲೇ ಬರ್ದಿದಾರೆ."

"ನಿನ್ನ ಸಾಫ್ಟ್‌ವೇರ್ ನೂರಕ್ಕೆ ನೂರು ಅಂತು ತಾನೇ? ಆ ಕಾಗ್ದ ಇಟ್ಟು ಕಳ್ಸು ಅಂತಿದೀನಿ."

ನಗುತ್ತಲೇ ಹೇಳಿದ. ಉಗುರಿನ ಚೂರೊಂದು ಅವನ ಕೆಳತುಟಿಗೆ ಅಂಟಿತ್ತು. ನಾನು ಮೇಲೆ ಹೋಗಿ ಆ ಚೌಕದ ಗುರುತು ತೆಗೆದೆ. ಪರದೆಯ ಮೇಲೆ ನಾಲ್ಕು ಮೂಲೆಯೂ ಕೆಂಪಾದವು. ಹತ್ತು ಪ್ರತಿ ಮುದ್ರಿಸಿ, ಹತ್ತು ಬ್ಲಾಕುಗಳ ಮೇಲೂ ಒಂದೊಂದು ಅಂಟಿಸಿ, ಪ್ರತಿಯೊಂದರ ಮೇಲೂ "ನಾಲ್ಕು ಮೂಲೆ ಬಾಕಿ" ಎಂದು ಬರೆದು ಸಹಿ ಹಾಕಿದೆ. ಈಗ ಕಳಿಸು ನೋಡೋಣ ಅಂದೆ.

ವಿದ್ಯುತ್ ಕಿಡಿಯಿಂದ ಚೌಕ ಮೂಲೆ ಕೊರೆಯುವ ಮಷೀನು ಕೊರ್ದೊಬಾದಲ್ಲಿದೆ, ಮೂರು ವಾರ ಕಾಯಬೇಕಂತೆ. ಗಿರಾಕಿ ಹೆಚ್ಚೆಂದರೆ ಹತ್ತು ದಿನ ಕಾಯುತ್ತಾನೆ. ಓಮರ್ ಅರ ಹಿಡಿದು ಒಂದು ಬ್ಲಾಕಿಗೆ ಕೈ ಹಾಕಿದ, ಅರ್ಧ ಗಂಟೆಯಲ್ಲಿ ಗೋಡೆಯನ್ನೇ ತಿಂದು ಹಾಕಿದ. ಆ ಬ್ಲಾಕು ಗುಜರಿಗೆ ಹೋಯಿತು. ಸಂಜೆ ಹೊತ್ತಿಗೆ ವಾಲ್ತೆರ್ ಲಾಯರಿಗೆ ಫೋನ್ ಮಾಡಿ ಒಂದು ಕಾಗದ ಬರೆಸಿದ. ಟೆಲಿಗ್ರಾಂ ಹಿಂದಕ್ಕೆ ತೆಗೆದುಕೊಂಡಿದ್ದೇವೆ ಎಂದು. ಆದೆಮಾರ್ ಒಪ್ಪಿ ಸಹಿ ಹಾಕಿದರೆ ಮಾತ್ರ ಅದು ನಡೆಯುತ್ತದೆ.

"ನೀನೇ ಹೋಗು. ನಾನ್ ಹೋದ್ರೆ ನಾಯಿ ಬಿಡ್ತಾನೆ."

ಏಪ್ರಿಲ್ ೬, ಶುಕ್ರವಾರ

ಹೋದೆ. ಊರಿನ ಆಚೆ ತುದಿ, ರೈಲು ಹಳಿಯ ಹಿಂದೆ. ಆದೆಮಾರ್ ಅಂಜೂರದ ಮರದ ಕೆಳಗೆ ಕೂತು ಪಕ್ಕದ ಮನೆಯವರ ಕತ್ತರಿ ಸಾಣೆ ಹಿಡಿಯುತ್ತಿದ್ದರು. ಎದ್ದು ನಿಂತರು. ಮನೆಯಲ್ಲಿ ಅಂಗಿ ಇಸ್ತ್ರಿ ಆಗಿರುತ್ತದೆ, ನನಗೆ ಗೊತ್ತಿರಲಿಲ್ಲ.

"ಇರ್ಮಾ, ಯಾರ್ ಬಂದಿದಾರೆ ನೋಡು! ಇಂಜಿನಿಯರಮ್ಮ!"

ಇರ್ಮಾ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಸಣ್ಣ ಹೆಂಗಸು, ಕೈಗೆ ಬ್ಲೀಚಿನ ವಾಸನೆ. "ಬ್ರೆಡ್ಡು ತಿಂದ್ರಾ? ಒಣಗಿತ್ತಾ?" ಅಂದಳು. ಚೆನ್ನಾಗಿತ್ತು ಅಂದೆ. ಮಂಗಳವಾರವೇ ತಿಂದಿದ್ದೆ, ಒಂದಿಷ್ಟು ಇರುವೆ ಕೊಡವಿ. ಕೂತ ಕೂಡಲೇ ಮಾತೆ ಬಂತು. ಅವರು ಒಂದು ಸುತ್ತು, ಇವಳು ಒಂದು ಸುತ್ತು, ನಾನೊಂದು. ನಾಲ್ಕು ಸಲ ಕುಡಿದಿರಬೇಕು. ತುಂಬ ಸಕ್ಕರೆ ಹಾಕುತ್ತಾರೆ ಇವರು.

ಕಾಗದ ಮುಂದಿಟ್ಟೆ. ಅವರು ಕನ್ನಡಕ ಹಾಕಿ ಓದಿದರು, ಮಡಚಿ ನನಗೇ ವಾಪಸು ಕೊಟ್ಟರು.

"ವಾಲ್ತೆರ್‌ಗೋಸ್ಕರ ನಾನ್ ಆ ಗೇಟ್ ದಾಟಲ್ಲ ಇಂಜಿನಿಯರಮ್ಮ. ಅವ್ನಪ್ಪನ ಕಾಲ್ದಿಂದ ಇದೀನಿ. ಒಂದ್ ಮಾತು ಮುಖ ಕೊಟ್ಟು ಹೇಳ್ಬೋದಿತ್ತು. ಅಂಚೆಯವನ ಕೈಲಿ ಕಳ್ಸಿದ."

"ಹದಿಮೂರು ತಿಂಗ್ಳು ಕಣ್ರೀ," ಎಂದಳು ಇರ್ಮಾ. "ಬೀದಿ ಬೀದಿ ಕತ್ತರಿ ಸಾಣೆ ಹಿಡೀತೀರಾ?"

"ಹಿಡೀತೀನಿ. ಮರ್ಯಾದೆ ಇದೆ ಅದ್ರಲ್ಲಿ." ನನ್ನ ಕಡೆ ತಿರುಗಿದರು. "ಮುಂಚೆ ಮಷೀನ್ ನಡ್ಸೋನು ಎಷ್ಟೇ ಜಾಣ ಆಗಿರ್ಲಿ, ಒಳಗಿನ ಮೂಲೆ ಮುಟ್ತಿರ್ಲಿಲ್ಲ. ಅದು ಫಿಟ್ಟರ್ ಪಾಲು. ಬಿಡೋದೊಂದು ಮರ್ಯಾದೆ. ಕಾಗ್ದದಲ್ಲಿ ಜೀವಂತ ಅಂತ ಬರ್ದಿರುತ್ತೆ, ಹೊರಗಿನ ಅಂಚು ಕೊಲ್ಲೋದೂ ನಾನೇ, ಒಳಗಿನದ್ದಕ್ಕೆ ಜೀವ ಕೊಡೋದೂ ನಾನೇ. ಕಂಪ್ಯೂಟರ್ ಬಂದ್ಮೇಲೆ ಆ ಪದ್ಧತಿ ಹೋಯ್ತು ಅನ್ಕೊಂಡಿದ್ದೆ. ನಿಮ್ಮ ಮೊದ್ಲನೇ ಬ್ಲಾಕ್ ಬಂತು, ಬೆರಳಿಟ್ಟೆ. ನಾಲ್ಕೂ ಮೂಲೆ ಬಿಟ್ಟಿದ್ರಿ. ಅವತ್ತು ಮನೇಗ್ ಬಂದು ಇವ್ಳಿಗೆ ಹೇಳ್ದೆ, ಆ ಹೆಂಗ್ಸು ಮಾತೆ ಮುಟ್ಟಲ್ಲ, ಮುಖ ಗಂಟಿಕ್ತಾಳೆ, ಆದ್ರೆ ಕಸುಬು ಗೊತ್ತಿರೋಳು ಅಂತ."

ನಾನು ಕಾಗದವನ್ನು ಬಿಚ್ಚಿ ಮತ್ತೆ ಅವರ ಮುಂದಿಟ್ಟೆ.

"ನೀವು ಅಂದ್ರೆ ಬರ್ತೀನಿ. ಒಂದೇ ಮಾತು. ನಂಗೋಸ್ಕರ ಬೇಕಂತ್ಲೇ ಬಿಟ್ರಲ್ವಾ?"

ಇಲ್ಲ ಅನ್ನುವುದೇ ಸತ್ಯ. ನಿಮ್ಮ ಮೂಲೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ, ನಿಮ್ಮನ್ನು ಕಳಿಸಲು ನಾನೇ ಸಹಿ ಹಾಕಿದೆ ಅನ್ನಬೇಕಿತ್ತು. ಇರ್ಮಾ ಕೆಟಲ್ ಹಿಡಿದು ನಿಂತೇ ಇದ್ದಳು.

"ಹೌದು," ಅಂದೆ. "ಬೇಕಂತ್ಲೇ ಬಿಟ್ಟೆ."

ಪೆನ್ನು ಕೇಳಿದರು, ಕೊಟ್ಟೆ. ಸಹಿ ಹಾಕಿದರು. ಯಾಕೆ ಹಾಗೆ ಅಂದೆನೋ ನನಗೂ ತಿಳಿಯದು. ಶೆಖೆಯೂ ತುಂಬ ಇತ್ತು.

ಏಪ್ರಿಲ್ ೧೦, ಮಂಗಳವಾರ

ನಿನ್ನೆಯಿಂದ ಆದೆಮಾರ್ ಕೆಲಸಕ್ಕೆ ಬರುತ್ತಿದ್ದಾರೆ. ನನ್ನ ಕೋಣೆಗೆ ಅರದ ಸದ್ದು ಕೇಳುತ್ತದೆ. ಕೂಲೆಂಟ್ ತೊಟ್ಟಿಯನ್ನು ನಾನೂ ಓಮರನೂ ಸೇರಿ ಖಾಲಿ ಮಾಡಿದೆವು, ಮೊಣಕೈವರೆಗೂ ಕೆಸರು. ಯಾರೋ ಒಬ್ಬರು ಮಾಡಬೇಕಿತ್ತು.

ಆದರೆ ಆದೆಮಾರ್ ಅವರ ಬಾಯಿ ಸುಮ್ಮನಿರಬೇಕಲ್ಲ. ನಾನು ಬೇಕೆಂದೇ ಮೂಲೆ ಬಿಟ್ಟೆ ಎಂದು ಬಂದವರಿಗೆಲ್ಲ ಹೇಳಿಕೊಂಡಿದ್ದಾರೆ. ಹನ್ನೊಂದು ಗಂಟೆಗೆ ವಾಲ್ತೆರ್ ಕೆಳಗಿಂದ ಕೂಗಿದ. "ಗ್ರಿಸ್! ಇಳ್ದ್ ಬಾ ಇಲ್ಲಿ!"

ಇಳಿದೆ. ಅವನು ಆದೆಮಾರ್ ಅವರ ಮೇಜಿನ ಮುಂದೆ ನಿಂತಿದ್ದ, ಮುಖ ಕೆಂಪೇರಿತ್ತು. "ಮೊನ್ನೆ ನನ್ಹತ್ರ ಗೊತ್ತಿರ್ಲಿಲ್ಲ, ತಪ್ಪಾಯ್ತು ಅಂದೆ. ಈ ಮನುಷ್ಯ ನೋಡಿದ್ರೆ ನೀನು ಬೇಕಂತ್ಲೇ ಬಿಟ್ಟೆ ಅಂತಾನೆ. ಯಾವ್ದು ನಿಜ? ಗೊತ್ತಿರ್ಲಿಲ್ಲ ತಾನೇ? ಹೇಳು, ಇವ್ನೆದುರೇ ಹೇಳು."

ಗೊತ್ತಿರಲಿಲ್ಲ ಅಂದರೆ ನಾನು ದಡ್ಡಿ, ಅಷ್ಟೆ. ಕೆಲಸ ಉಳಿಯುತ್ತಿತ್ತು. ಗೊತ್ತಿತ್ತು ಅಂದರೆ ಸುಳ್ಳು ವರದಿಗೆ ಸಹಿ ಹಾಕಿದವಳು. ಆದೆಮಾರ್ ಅರ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಉತ್ತರ ಗೊತ್ತಿತ್ತು, ಅದನ್ನು ವಾಲ್ತೆರ್ ಕೇಳಲಿ ಎಂದು ಕಾಯುತ್ತಿದ್ದರು. ಮುಖದಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ.

"ಬೇಕಂತ್ಲೇ ಬಿಟ್ಟೆ," ಅಂದೆ. "ಮೂಲೆ ಫಿಟ್ಟರ್ ಪಾಲು."

"ಕೇಳಿದ್ಯಾ?" ಎಂದರು ಆದೆಮಾರ್, ವಾಲ್ತೆರ್‌ಗೆ. ಮತ್ತೆ ಅರ ಎತ್ತಿಕೊಂಡರು.

ವಾಲ್ತೆರ್ ಮೇಲೆ ಬಂದು ಬಾಗಿಲು ಹಾಕಿದ. ಕೂಗಲಿಲ್ಲ. "ಅವ್ನನ್ನ ಈಗ ಮುಟ್ಟಕ್ಕಾಗಲ್ಲ, ಲಾಯರ್ ಹೇಳಿದಾನೆ. ನಿನ್ನ ವಿಷ್ಯ ಹಂಗಲ್ಲ," ಅಂದ. ಸರಿ ಅಂದೆ. ನನ್ನನ್ನು ಯಾಕೆ ತೆಗೆದೆ ಎಂದು ಕೆಳಗೆ ಯಾರಿಗೂ ಹೇಳಬೇಡ ಎಂದು ಕೇಳಿಕೊಂಡೆ. ಅವನು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದ, ಆಮೇಲೆ ಹೆಗಲು ಕುಣಿಸಿ ಒಪ್ಪಿದ.

ಏಪ್ರಿಲ್ ೧೨, ಗುರುವಾರ

ಟೆಲಿಗ್ರಾಂ ಬೆಳಿಗ್ಗೆ ಒಂಬತ್ತಕ್ಕೆ ಬಂತು. ಅಂಚೆಯವನ ಪೆನ್ನು ಅಂಟಂಟಾಗಿತ್ತು, ಸಹಿ ಹಾಕಿ ತಗೊಂಡೆ. ಕೊರ್ದೊಬಾಕ್ಕೆ ತಂಗಿಯ ಮನೆಗೆ ಹೋಗುವುದೆಂದು ಸಾಮಾನು ಕಟ್ಟುತ್ತಿದ್ದೇನೆ. ಅಲ್ಲೇ ಒಳ್ಳೆ ಕೆಲಸ ಸಿಕ್ಕಿದೆ ಎಂದು ಆದೆಮಾರ್‌ಗೆ ಹೇಳಿ ಕಳಿಸಿದೆ. ಇರ್ಮಾಳ ಕೈಯಲ್ಲಿ ಅಂಜೂರ ಕಳಿಸಿದ್ದರು, ಗೋಣಿ ತುಂಬ.

ಒಂಬತ್ತು ಬ್ಲಾಕು ಮುಗಿದು ಹೋದವಂತೆ, ಬೆಣೆ ಒಂಬತ್ತರಲ್ಲೂ ಕೂತಿತಂತೆ. ಅವರಿಗೆ ಇನ್ನು ಹದಿಮೂರು ತಿಂಗಳು. ಅಷ್ಟರೊಳಗೆ ಯಾರೂ ಅವರಿಗೆ ನಿಜ ಹೇಳದಿದ್ದರೆ ಸಾಕು.